ಹಾಡುವ ಮುಖಕ್ಕೆ ಬೆಳಕು



ಫೋಟೊ ಎಂದರೆ ಕಣ್ಣಿನ ವಿಷಯ. ಆದರೂ ಅದರ ಬಗ್ಗೆ ರೇಡಿಯೊದಲ್ಲಿ ಮಾತಾಡುವುದಕ್ಕೆ ಕಾರಣವಿದೆ. ಸಂಗೀತಗಾರರ ದನಿಯನ್ನು ಮನೆಮನೆಗೆ ಮುಟ್ಟಿಸಿದ್ದು ರೇಡಿಯೊ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. 1950ರಲ್ಲಿ ಧಾರವಾಡ ಕೇಂದ್ರ ಬಂತು. ಪಂಡಿತ್ ಮಲ್ಲಿಕಾರ್ಜುನ ಮನ್ಸೂರರು ಆ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಅವರ ದನಿ ಕೇಳಿ ಬೆಳೆದವರು ಎಷ್ಟೋ ಮಂದಿ. ಎದುರು ಕೂತು ಮುಖ ನೋಡಿದವರು ಕಡಿಮೆ. ಉಳಿದವರಿಗೆಲ್ಲ ಆ ಮುಖ ಸಿಕ್ಕಿದ್ದು ಪತ್ರಿಕೆಯಲ್ಲಿ ಅಚ್ಚಾದ ಫೋಟೊದಿಂದ, ಧ್ವನಿಮುದ್ರಿಕೆಯ ಹೊದಿಕೆಯಿಂದ.

ಮನ್ಸೂರರಿಗೆ ಒಳ್ಳೆಯ ಫೋಟೊಗ್ರಾಫರುಗಳು ಸಿಕ್ಕರು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರಿನಲ್ಲಿ ಉರುಮೆ ನುಡಿಸುವವರಿಗೆ, ತತ್ವಪದ ಹಾಡುವವರಿಗೆ, ಸೋಬಾನೆಯ ಅಜ್ಜಿಯರಿಗೆ ಯಾರು ಸಿಗುತ್ತಾರೆ? ಇಂಥವರಲ್ಲಿ ಅನೇಕರ ಹತ್ತಿರ ಇರುವುದು ಒಂದೇ ಫೋಟೊ. ಕಲಾವಿದರ ಮಾಸಾಶನದ ಅರ್ಜಿಗೆ ಅಂಟಿಸಲು ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಅದರಲ್ಲಿ ಕಿವಿ ಎರಡೂ ಕಾಣುತ್ತವೆ, ನೀಲಿ ಪರದೆ ಕಾಣುತ್ತದೆ. ಹಾಡುಗಾರ ಕಾಣುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯಿರಿ. ಓದು ಬರಹ ಬಾರದ ಅಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ವಿದ್ವಾಂಸರು ಅವರ ಹಾಡನ್ನು ಬರೆದಿಟ್ಟರು. ಹಾಡನ್ನು ಬರೆದಿಡುವಾಗ ವಹಿಸುವ ಎಚ್ಚರವನ್ನು ಹಾಡಿದವರ ಮುಖದ ವಿಷಯದಲ್ಲೂ ವಹಿಸಬೇಕಲ್ಲವೇ? ಈ ಮಾತುಕತೆಯ ವಸ್ತು ಅದೇ. ಸಂಗೀತಗಾರರ ಫೋಟೊ ತೆಗೆಯುವಾಗ ಬೆಳಕನ್ನು ಎಲ್ಲಿಂದ ತರಬೇಕು, ತೆಗೆದ ಮೇಲೆ ಎಷ್ಟು ತಿದ್ದಬೇಕು.

ಮೊದಲು ಬೆಳಕು.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ. ವರ್ಷಕ್ಕೆ 60 ಸೆಂಟಿಮೀಟರ್ ಆಸುಪಾಸು. ಬಿಸಿಲಿಗೆ ಮಾತ್ರ ಬರವಿಲ್ಲ. ಬಿಸಿಲು ಹೆಚ್ಚಿದ್ದರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಕಲಾವಿದರನ್ನು ಮಟಮಟ ಮಧ್ಯಾಹ್ನ ಅಂಗಳದ ನಡುವೆ ನಿಲ್ಲಿಸುತ್ತಾರೆ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಹುಬ್ಬಿನ ನೆರಳು ಕಣ್ಣಿನ ಗುಳಿಯೊಳಗೆ ಬೀಳುತ್ತದೆ. ಮೂಗಿನ ನೆರಳು ಮೀಸೆಯ ಮೇಲೆ. ಹಣೆ ಬೆಳ್ಳಗೆ, ಕಣ್ಣು ಕಪ್ಪಗೆ. ಬಿಸಿಲಿಗೆ ಕಣ್ಣು ಕಿರಿದಾಗಿ ಮುಖ ಗಂಟಿಕ್ಕುತ್ತದೆ. ಬೇವಿನ ಮರದಡಿಗೆ ಹೋದರೂ ಕಷ್ಟ ಪೂರ್ತಿ ತಪ್ಪುವುದಿಲ್ಲ. ಎಲೆಗಳ ಸಂದಿನಿಂದ ಬಿಸಿಲು ತೂರಿ ಕೆನ್ನೆಯ ಮೇಲೆ ಬಿಳಿ ಚುಕ್ಕೆಗಳಾಗಿ ಕೂರುತ್ತದೆ.

ಒಳ್ಳೆಯ ಬೆಳಕು ಇರುವುದು ಮನೆಯ ಬಾಗಿಲಲ್ಲಿ. ಕೇಳುಗರೇ, ನಿಮ್ಮ ಮನೆಯ ಮುಂಬಾಗಿಲನ್ನು ಮನಸ್ಸಿಗೆ ತಂದುಕೊಳ್ಳಿ. ನೇರ ಬಿಸಿಲು ಒಳಗೆ ಬೀಳದ ಹೊತ್ತು. ಹೊರಗೆ ಅಂಗಳ ಬೆಳಗುತ್ತಿದೆ, ಪಡಸಾಲೆ ಮಬ್ಬಾಗಿದೆ. ಹೊಸ್ತಿಲಿನಿಂದ ಎರಡು ಮೂರು ಅಡಿ ಒಳಗೆ ಚಾಪೆ ಹಾಸಿ. ಉರುಮೆಯ ಹಿರಿಯರನ್ನು ಅಲ್ಲಿ ಕೂರಿಸಿ. ಅವರು ಬಾಗಿಲಿಗೆ ಪೂರ್ತಿ ಎದುರಾಗುವುದು ಬೇಡ, ಬೆನ್ನು ಹಾಕುವುದೂ ಬೇಡ. ಓರೆಯಾಗಿ ಕೂರಲಿ. ಆಗ ಬಾಗಿಲ ಕಡೆಯ ಕೆನ್ನೆ ಬೆಳಗುತ್ತದೆ. ಇನ್ನೊಂದು ಕೆನ್ನೆ ನೆರಳಿಗೆ ಜಾರುತ್ತದೆ. ಆ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಣ್ಣ ಮುಕ್ಕೋನದಷ್ಟು ಬೆಳಕು ಉಳಿದರೆ ಅದನ್ನು ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. 17ನೇ ಶತಮಾನದ ಡಚ್ ಚಿತ್ರಕಾರನ ಹೆಸರು ಅದು. ಕಣ್ಣಿನ ಗುಡ್ಡೆಯಲ್ಲೂ ಬಾಗಿಲಿನ ಹೊಳಪು ಸಣ್ಣ ಚುಕ್ಕಿಯಾಗಿ ಮೂಡುತ್ತದೆ. ಆ ಚುಕ್ಕಿ ಇಲ್ಲದಿದ್ದರೆ ಕಣ್ಣು ಸತ್ತಂತಿರುತ್ತದೆ.

ಇಲ್ಲಿ ಒಂದು ಲೆಕ್ಕ ನೆನಪಿರಲಿ. ಬಲ್ಬಿನಂಥ ಸಣ್ಣ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬಾಗಿಲಿನ ಬೆಳಕು ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ನಿಯಮದ ಜಾಡು ಅದೇ. ಹೊಸ್ತಿಲ ಹತ್ತಿರ ಕೂತರೆ ಮುಖ ಪ್ರಕಾಶವಾಗಿ ಹಿಂದಿನ ಗೋಡೆ ಕತ್ತಲಾಗುತ್ತದೆ. ಒಳಗೆ ಸರಿದಷ್ಟೂ ಮುಖಕ್ಕೂ ಗೋಡೆಗೂ ವ್ಯತ್ಯಾಸ ತಗ್ಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್, ಸ್ವಿಚ್ ಬೋರ್ಡು, ನೇತುಹಾಕಿದ ಚೀಲ ಇವನ್ನೆಲ್ಲ ಮರೆಮಾಡಲು ಪರದೆ ಬೇಕಿಲ್ಲ. ಕಲಾವಿದರು ಒಂದು ಅಡಿ ಮುಂದೆ ಸರಿದರೆ ಸಾಕು. ನೆರಳಿನ ಕೆನ್ನೆ ತೀರಾ ಕಪ್ಪಾಯಿತೇ? ಆ ಕಡೆಗೆ ಬಿಳಿ ಪಂಚೆ ಹಿಡಿಯಿರಿ. ಸಿನಿಮಾದವರು ಇದಕ್ಕೇ ಥರ್ಮಾಕೋಲ್ ಹಲಗೆ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ ಉಳಿದ ಥರ್ಮಾಕೋಲ್ ತುಂಡೂ ಆದೀತು.

ಬಾಗಿಲಿನ ಬೆಳಕಿನ ವಿಚಾರ ಇಷ್ಟು. ಬಾಗಿಲೇ ಇಲ್ಲದ ಕಡೆ, ಬೆಳಕು ಒಳಗೆ ಬರದ ಕಡೆ ಏನು ಮಾಡಬೇಕು? ಇದಕ್ಕೆ ಉತ್ತರವನ್ನು ಕನ್ನಡ ನಾಡಿನ ಒಬ್ಬ ದೊಡ್ಡ ಕಲಾವಿದರೇ ಕೊಟ್ಟುಹೋಗಿದ್ದಾರೆ.

ಅವರು ವಿ. ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದಿದ್ದು ಅದೇ ಮೊದಲು. ಸಂಗೀತಪ್ರಿಯರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಮೂರ್ತಿಯವರು ಪಿಟೀಲು ಕಲಿತಿದ್ದರು. ಕ್ಯಾಮೆರಾ ಹಿಡಿದ ಕೈ ಕಮಾನು ಹಿಡಿದ ಕೈಯೂ ಹೌದು.

1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಒಂದು ಹಾಡಿನ ದೃಶ್ಯವಿದೆ. ಖಾಲಿ ಸ್ಟುಡಿಯೊ. ಸುತ್ತ ಕತ್ತಲು. ಮಾಡಿನ ಎತ್ತರದಿಂದ ಬೆಳಕಿನ ಒಂದು ಕಂಬ ಓರೆಯಾಗಿ ನೆಲಕ್ಕೆ ಇಳಿದಿದೆ. ಅದರಲ್ಲಿ ಧೂಳು ತೇಲುತ್ತಿದೆ. ಇಬ್ಬರು ಆ ಬೆಳಕಿಗೆ ಬರುತ್ತಾರೆ, ಮತ್ತೆ ಕತ್ತಲಿಗೆ ಸರಿಯುತ್ತಾರೆ. ಸ್ಟುಡಿಯೊದ ದೊಡ್ಡ ದೀಪಗಳಿಂದ ಆ ಕಂಬ ಮೂಡುತ್ತಿರಲಿಲ್ಲ. ಮೂರ್ತಿಯವರು ಕನ್ನಡಿ ತರಿಸಿದರು. ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿಗೆ ಇಟ್ಟರು. ಅದು ಹಿಡಿದ ಬಿಸಿಲನ್ನು ಮೇಲಿದ್ದ ಇನ್ನೊಂದು ಕನ್ನಡಿಗೆ ಎಸೆಯಿತು. ಆ ಕನ್ನಡಿ ಬಿಸಿಲನ್ನು ಕೆಳಗೆ ಇಳಿಸಿತು. ಹೊಗೆ ಹಾಕಿ ಬೆಳಕು ಕಾಣುವಂತೆ ಮಾಡಿದರು. ಇದು ಇಡೀ ದೇಶ ಮೆಚ್ಚಿದ ದೃಶ್ಯ. ಇದಕ್ಕೆ ಬೇಕಾದದ್ದು ಸೂರ್ಯ, ಎರಡು ಕನ್ನಡಿ, ಮತ್ತೆ ಬೆಳಕನ್ನು ಕಾಣಬಲ್ಲ ಕಣ್ಣು.

ಈ ಉಪಾಯ ಹರಿಯಬ್ಬೆಯಲ್ಲೂ ನಡೆಯುತ್ತದೆ. ಭಜನೆ ನಡೆಯುವ ಗುಡಿಯ ಒಳಗೆ ಕತ್ತಲಿದ್ದರೆ ಬೀರುವಿನ ಕನ್ನಡಿಯಷ್ಟು ದೊಡ್ಡದೊಂದನ್ನು ಹೊರಗೆ ಹಿಡಿಸಿ. ಬಿಸಿಲನ್ನು ನೇರ ಮುಖಕ್ಕೆ ಮಾತ್ರ ಹೊಡೆಯಬೇಡಿ. ಕಣ್ಣಿಗೆ ಕೇಡು, ಫೋಟೊಗೂ ಕೇಡು. ಸುಣ್ಣ ಬಳಿದ ಗೋಡೆಗೆ ಬಿಡಿ. ಗೋಡೆಯಿಂದ ಮರಳುವ ಬೆಳಕು ಮೃದುವಾಗಿರುತ್ತದೆ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ ನೆರಳಿನ ಅಂಚು ಕರಗುತ್ತದೆ. ಸ್ಟುಡಿಯೊದವರು ಛತ್ರಿ, ಸಾಫ್ಟ್‌ಬಾಕ್ಸ್ ಇಟ್ಟು ಮಾಡುವ ಕೆಲಸವೂ ಇದೇ.

ಬಾಗಿಲಾಯಿತು, ಕನ್ನಡಿಯಾಯಿತು. ಎರಡರಲ್ಲೂ ಬೆಳಕು ಒಂದೇ ಕಡೆಯಿಂದ ಬಂತು ಎಂಬುದನ್ನು ಗಮನಿಸಿ. ಇನ್ನು ವಾದ್ಯಕ್ಕೆ ಬರೋಣ. ವಾದ್ಯವೂ ಬೆಳಕನ್ನು ಕೇಳುತ್ತದೆ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನೆನಪಿಸಿಕೊಳ್ಳಿ. ಥಳಥಳಿಸುವ ಹಿತ್ತಾಳೆ. ಅದರ ಮುಂದೆ ಫ್ಲ್ಯಾಶ್ ಹೊಡೆದರೆ ಬಿಳಿಯ ಕಲೆ ಬೀಳುತ್ತದೆ. ಹೊಳೆಯುವ ಲೋಹ ಎದುರಿಗಿರುವುದನ್ನೆಲ್ಲ ತೋರಿಸುತ್ತದೆ. ಹಾಗಾಗಿ ಅದರ ಎದುರಿಗೆ ಬಿಳಿಯ ಬಟ್ಟೆ ಹಿಡಿದು ಬೆಳಕನ್ನು ಆ ಬಟ್ಟೆಯಿಂದ ಬರಮಾಡಬೇಕು. ಆಗ ಕೊಳವೆಯ ಉದ್ದಕ್ಕೂ ನಯವಾದ ಒಂದು ಹೊಳಪಿನ ಗೆರೆ ಮೂಡುತ್ತದೆ. ಪಂಡಿತ್ ರಾಜೀವ ತಾರಾನಾಥರು ನುಡಿಸುತ್ತಿದ್ದ ಸರೋದಿನಲ್ಲೂ ಬೆರಳಾಡುವ ಜಾಗ ಉಕ್ಕಿನ ಹಾಳೆ. ಅದಕ್ಕೂ ಇದೇ ಉಪಚಾರ. ವೀಣೆಯ ತೊಡಕು ಬೇರೆ. ಅದು ಉದ್ದ. ಪೂರ್ತಿ ವೀಣೆ ಬರಲಿ ಎಂದು ಹಿಂದೆ ಸರಿದರೆ ವೈಣಿಕರ ಮುಖ ಚಿಕ್ಕದಾಗುತ್ತದೆ. ಮುಖವೂ ಮೀಟುವ ಕೈಯೂ ಬೆಳಕಿನಲ್ಲಿದ್ದರೆ ಸಾಕು. ತುದಿ ನೆರಳಿಗೆ ಹೋಗಲಿ.

ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ, ಇನ್ನೊಂದನ್ನು ಬಡಿಯುತ್ತಾರೆ. ಎದೆಗೆ ತಟ್ಟುವ ಆ ಮೊರೆತ ಹುಟ್ಟುವುದು ಉಜ್ಜುವ ಕೋಲಿನಿಂದ. ಬಾಗಿಲಿನ ಬೆಳಕು ಆ ಕೈಯ ಕಡೆಯಿಂದ ಬರುವಂತೆ ಕೂರಿಸಿ. ಬಡಿಯುವ ಕೈಯನ್ನು ನಿಲ್ಲಿಸಿ ಹಿಡಿಯಬೇಕಾದರೆ ಸೆಕೆಂಡಿನ ಸುಮಾರು 250ನೇ ಒಂದು ಭಾಗದಷ್ಟು ಚುರುಕಿನ ಶಟರ್ ಬೇಕು. 30ನೇ ಒಂದು ಭಾಗಕ್ಕೆ ಇಳಿಸಿದರೆ ಮುಖ ಸ್ಥಿರವಾಗಿ ಉಳಿದು ಕೈ ಮಾತ್ರ ಮಸುಕಾಗುತ್ತದೆ. ಆ ಮಸುಕನ್ನು ತಪ್ಪೆಂದು ಅಳಿಸಬೇಡಿ. ನೋಡುವವರಿಗೆ ಲಯದ ಸುಳಿವು ಸಿಗುವುದು ಅಲ್ಲಿಂದಲೇ.

ತಮಟೆಯವರದು ಇನ್ನೂ ಸೊಗಸು. ನುಡಿಸುವ ಮೊದಲು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿಯಾಗಲಿ ಎಂದು. ಸಂಜೆ ಕಪ್ಪಾದ ಮೇಲೆ ನಾಲ್ಕಾರು ಜನ ಬೆಂಕಿಯ ಸುತ್ತ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ತಟ್ಟಿ ನೋಡುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ಕಾಯಿಸುತ್ತಾರೆ. ಮುಖದ ಮೇಲೆ ಕೆಳಗಿನಿಂದ ಕೆಂಬೆಳಕು. ಕೆಳಗಿನಿಂದ ಬರುವ ಬೆಳಕು ಸಾಮಾನ್ಯವಾಗಿ ಮುಖವನ್ನು ವಿಕಾರ ಮಾಡುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಬೆಂಕಿಯೂ ಚಿತ್ರದಲ್ಲಿ ಕಾಣುತ್ತದಲ್ಲ! ಮೇಳ ಶುರುವಾದ ಮೇಲೆ ಬರುವ ಫೋಟೊಗ್ರಾಫರುಗಳು ಇದನ್ನು ಕಳೆದುಕೊಳ್ಳುತ್ತಾರೆ. ಅರ್ಧ ಗಂಟೆ ಮೊದಲು ಬನ್ನಿ. ಫ್ಲ್ಯಾಶ್ ಆರಿಸಿಡಿ.

ಮನೆಯ ಬೆಳಕು, ವಾದ್ಯದ ಬೆಳಕು ಎರಡನ್ನೂ ನೋಡಿದೆವು. ವೇದಿಕೆಯ ಮಾತು ಚುಟುಕಾಗಿ ಮುಗಿಸಬಹುದು.

ವೇದಿಕೆಯ ಬೆಳಕು ಫೋಟೊಗ್ರಾಫರ್ ಕೈಯಲ್ಲಿ ಇರುವುದಿಲ್ಲ. ಕೈಯಲ್ಲಿರುವುದು ನಿಲ್ಲುವ ಜಾಗ ಮತ್ತು ಒತ್ತುವ ಗಳಿಗೆ. ಅಮೆರಿಕದ ಹರ್ಮನ್ ಲಿಯೊನಾರ್ಡ್ 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಜಾಝ್ ಸಂಗೀತಗಾರರ ಫೋಟೊ ತೆಗೆದರು. ಕ್ಲಬ್ಬುಗಳು ಇಕ್ಕಟ್ಟು, ಕತ್ತಲು, ಸಿಗರೇಟಿನ ಹೊಗೆ. ಅವರ ಬಳಿ ಇದ್ದದ್ದು ಎರಡೇ ದೀಪ. ಒಂದನ್ನು ಕಲಾವಿದರ ಹಿಂದೆ ಇಡುತ್ತಿದ್ದರು. ಹಿಂಬದಿಯ ಬೆಳಕು ತಲೆ, ಹೆಗಲು, ವಾದ್ಯಗಳ ಅಂಚನ್ನು ಬರೆಯಿತು. ಹೊಗೆ ಬೆಳ್ಳಿಯಂತೆ ತೇಲಿತು. ನಮ್ಮ ಸಭಾಂಗಣಗಳಲ್ಲೂ ಪಕ್ಕಕ್ಕೆ ಸರಿದು ನಿಂತರೆ ಹಿಂದಿನ ದೀಪ ಇದೇ ಕೆಲಸ ಮಾಡಿಕೊಡುತ್ತದೆ.

ಗಳಿಗೆಯ ಮಾತು ಬಂದರೆ ಭೀಮಸೇನ ಜೋಶಿಯವರನ್ನು ಬಿಡುವಂತಿಲ್ಲ. ತಾನ್ ಹಾಕುವಾಗ ಅವರ ಮುಖ, ಹೆಗಲು, ಕೈ ಎಲ್ಲವೂ ಸ್ವರದ ಹಿಂದೆ ಓಡುತ್ತಿದ್ದವು. ಆಗ ತೆಗೆದ ಫೋಟೊದಲ್ಲಿ ಶ್ರಮ ಕಾಣುತ್ತದೆ. ತಾನ್ ಮುಗಿದು ಸಮ್‌ಗೆ ಬಂದ ಕೂಡಲೇ ಮುಖ ಸಡಿಲಾಗುತ್ತದೆ. ಆಗಿನದು ಬೇರೆಯೇ ಚಿತ್ರ. ಗಂಗೂಬಾಯಿ ಹಾನಗಲ್ ಅವರು ಒಂದು ಕೈ ಕಿವಿಗೆ ಇಟ್ಟು ಹಾಡುವ ಭಂಗಿ ಎಷ್ಟೋ ಫೋಟೊಗಳಲ್ಲಿದೆ. ತಾಳ ತಿಳಿದವರು ಇಂಥ ಗಳಿಗೆಯನ್ನು ಮುಂಚೆಯೇ ಊಹಿಸಬಲ್ಲರು. ಸಂಗೀತಗಾರರ ಫೋಟೊ ತೆಗೆಯುವವರು ಸಂಗೀತ ಕೇಳಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಮುಖವೇ ಇಲ್ಲದೆಯೂ ಮಹತ್ವದ ಭಾವಚಿತ್ರ ಆಗಬಹುದು. 1954ರಲ್ಲಿ ಕೆನಡಾದ ಯೂಸುಫ್ ಕಾರ್ಶ್ ಅವರು ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸರನ್ನು ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ಕಂಡರು. ಕಸಾಲ್ಸ್ ಆಗ ತಾಯ್ನಾಡು ಬಿಟ್ಟು ಬಂದಿದ್ದವರು. ಹಳೆಯ ಮಠದ ಕಲ್ಲಿನ ಕೋಣೆ. ಕಸಾಲ್ಸ್ ಬಾಖ್‌ನ ಸಂಗೀತ ನುಡಿಸತೊಡಗಿದರು. ಕಾರ್ಶ್ ಸ್ವಲ್ಪ ಹೊತ್ತು ಕೆಲಸವನ್ನೇ ಮರೆತರು. ಆಮೇಲೆ ಹಿಂದಿನಿಂದ ಫೋಟೊ ತೆಗೆದರು. ಅದರಲ್ಲಿ ಇರುವುದು ಎತ್ತರದ ಬರಿಗೋಡೆ, ಮೇಲೊಂದು ಚಿಕ್ಕ ಕಿಟಕಿ, ಕುರ್ಚಿಯಲ್ಲಿ ಕೂತ ಮುದುಕರ ಬೆನ್ನು. ಬೋಸ್ಟನ್ನಿನ ಸಂಗ್ರಹಾಲಯದಲ್ಲಿ ಅದನ್ನು ತೂಗುಹಾಕಿದಾಗ ವೃದ್ಧರೊಬ್ಬರು ದಿನವೂ ಬಂದು ಅದರ ಮುಂದೆ ನಿಲ್ಲುತ್ತಿದ್ದರಂತೆ. ಅಲ್ಲಿನ ಅಧಿಕಾರಿ ಕಾರಣ ಕೇಳಿದರಂತೆ. ಸುಮ್ಮನಿರಪ್ಪ, ಸಂಗೀತ ಕೇಳುತ್ತಿದ್ದೇನೆ ಎಂದರಂತೆ ಆ ವೃದ್ಧರು. ಕಾರ್ಶ್ ಅವರೇ ಹೇಳಿದ ಪ್ರಸಂಗ ಇದು.

ಕೇಳುಗರೇ, ಇಲ್ಲಿಯವರೆಗೆ ಫೋಟೊ ತೆಗೆದದ್ದಾಯಿತು. ಬಾಗಿಲು, ಕನ್ನಡಿ, ಬೆಂಕಿ, ವೇದಿಕೆ. ಈಗ ಎರಡನೆಯ ಭಾಗ. ತೆಗೆದದ್ದನ್ನು ತಿದ್ದುವುದು. ಎಡಿಟಿಂಗ್.

ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಚಾಳಿ ಎಂದುಕೊಳ್ಳಬೇಡಿ. ಹಳೆಯ ಸ್ಟುಡಿಯೊಗಳಲ್ಲಿ ಗಾಜಿನ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಟಚಿಂಗ್ ಮಾಡುತ್ತಿದ್ದರು. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮೊದಲು ಪಿಯಾನೊ ವಾದಕರಾಗಲು ಹೊರಟಿದ್ದವರು. ನೆಗೆಟಿವ್ ಎಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಎಂದರೆ ಕಛೇರಿ ಎಂಬ ಅರ್ಥದ ಮಾತು ಅವರದು. ಕತ್ತಲ ಕೋಣೆಯಲ್ಲಿ ಒಂದು ಮೂಲೆಯನ್ನು ಗಾಢ ಮಾಡುವುದು, ಇನ್ನೊಂದನ್ನು ತಿಳಿಯಾಗಿಸುವುದು ಅವರಿಗೆ ನಿತ್ಯದ ಕೆಲಸ. ಆದರೆ ಬರೆದಿಟ್ಟ ಕೃತಿಯನ್ನು ಹಾಡುವವರು ರಾಗ ಬದಲಿಸುವುದಿಲ್ಲ.

ಮೊದಲ ತಿದ್ದುಪಡಿ ಕತ್ತರಿಸುವುದು. 1946ರಲ್ಲಿ ಆರ್ನಲ್ಡ್ ನ್ಯೂಮನ್ ಎಂಬುವರು ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯವರ ಫೋಟೊ ತೆಗೆದರು. ಪಿಯಾನೊದ ಎತ್ತಿದ ಮುಚ್ಚಳ ಚಿತ್ರವನ್ನೆಲ್ಲ ತುಂಬಿಕೊಂಡಿದೆ. ದೊಡ್ಡ ಕಪ್ಪು ಆಕಾರ ಅದು. ಸ್ಟ್ರಾವಿನ್‌ಸ್ಕಿ ಕೆಳಗೆ ಒಂದು ಮೂಲೆಯಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಇನ್ನೂ ಏನೇನೋ ಇತ್ತು. ನ್ಯೂಮನ್ ಸುತ್ತಲಿನ ಬಹುಭಾಗವನ್ನು ಕತ್ತರಿಸಿ ತೆಗೆದರು. ತೆಗೆಯಲು ಹೇಳಿದ್ದ ಪತ್ರಿಕೆಯೇ ಆ ಚಿತ್ರ ಬೇಡವೆಂದಿತು. ಇವತ್ತು ಸಂಗೀತಗಾರರ ಭಾವಚಿತ್ರಗಳ ಮಾತು ಬಂದಲ್ಲೆಲ್ಲ ಅದು ಬರುತ್ತದೆ. ನಿಮ್ಮ ಮೊಬೈಲಿನಲ್ಲಿ ಇರುವ ಕ್ರಾಪ್ ಎಂಬ ಗುಂಡಿ ಅದೇ ಕೆಲಸದ್ದು. ಮೈಕಿನ ಕಂಬಿ, ನೀರಿನ ಬಾಟಲಿ, ಅರ್ಧ ಕಾಣುವ ಪಕ್ಕವಾದ್ಯದವರು ಅಗತ್ಯವೇ ಎಂದು ಕೇಳಿಕೊಂಡು ಕತ್ತರಿಸಿ.

ಎರಡನೆಯದು ಬಣ್ಣ. ಊರ ಜಾತ್ರೆಯ ವೇದಿಕೆಯಲ್ಲಿ ನೀಲಿ, ನೇರಳೆ ಎಲ್‌ಇಡಿ ದೀಪ ತುಂಬಿರುತ್ತವೆ. ಅಂಥ ಬೆಳಕಿನಲ್ಲಿ ಚರ್ಮದ ಬಣ್ಣ ಕ್ಯಾಮೆರಾದಲ್ಲಿ ದಾಖಲಾಗುವುದೇ ಇಲ್ಲ. ಇಲ್ಲದ್ದನ್ನು ಎಡಿಟಿಂಗ್ ತಂದುಕೊಡಲಾರದು. ಅಂಥದ್ದನ್ನು ಕಪ್ಪು ಬಿಳುಪಿಗೆ ಬದಲಿಸುವುದು ಲೇಸು. ತಮಟೆಯ ಬೆಂಕಿಯ ಚಿತ್ರದಲ್ಲಾದರೆ ಕೆಂಪನ್ನು ತೆಗೆಯಬೇಡಿ. ಫೋನು ತಾನಾಗಿಯೇ ಅದನ್ನು ಬಿಳಿ ಮಾಡಲು ನೋಡುತ್ತದೆ, ಮಾಡಗೊಡಬೇಡಿ. ಕ್ಯಾಮೆರಾ ಇದ್ದವರು ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಕಡತದಲ್ಲಿ, ತೆಗೆಯಿರಿ. ಸಾಮಾನ್ಯ ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ ಸುಮಾರು 250 ಮೆಟ್ಟಿಲು. 14 ಬಿಟ್‌ನ ರಾ ಕಡತದಲ್ಲಿ ಸುಮಾರು 16 ಸಾವಿರ. ನೆರಳಿನ ಭಾಗವನ್ನು ತಿಳಿಯಾಗಿಸುವಾಗ ಈ ವ್ಯತ್ಯಾಸ ಕಾಣುತ್ತದೆ.

ಕತ್ತರಿಸುವುದು, ಬಣ್ಣ ಸರಿಪಡಿಸುವುದು ಎರಡೂ ಆಯಿತು. ಇನ್ನು ಈ ಮಾತುಕತೆಯಲ್ಲಿ ಒತ್ತಿ ಹೇಳಬೇಕಾದ ಸಂಗತಿ. ಮುಖ ಬೆಳ್ಳಗೆ ಮಾಡುವುದು.

ಊರಿನ ಫ್ಲೆಕ್ಸುಗಳನ್ನು ನೋಡಿ. ಬಿಸಿಲಲ್ಲಿ ದುಡಿದ ಕಪ್ಪು ಮುಖದ ಹಾಡುಗಾರರು ಫ್ಲೆಕ್ಸಿನಲ್ಲಿ ಗುಲಾಬಿ ಬಣ್ಣದವರಾಗಿರುತ್ತಾರೆ. ಸುಕ್ಕು ಮಾಯ. ಕೆನ್ನೆ ನುಣುಪು. ಅವರ ಮೊಮ್ಮಕ್ಕಳಿಗೇ ಗುರುತು ಹತ್ತದಂತಿರುತ್ತಾರೆ. ಫ್ಲೆಕ್ಸ್ ಮಾಡುವವರನ್ನು ಕೇಳಿದರೆ ಗಿರಾಕಿಗಳು ಬಯಸುತ್ತಾರೆ ಎನ್ನುತ್ತಾರೆ. ಇದು ಕಲಾವಿದರಿಗೆ ಮಾಡುವ ಅನ್ಯಾಯ. ಬಣ್ಣ ಬದಲಿಸಿದರೆ ಆ ಮನುಷ್ಯರು ಇರುವ ಹಾಗೆ ಸಾಲದು ಎಂದು ಹೇಳಿದಂತಾಗುತ್ತದೆ.

ಈ ಪಕ್ಷಪಾತಕ್ಕೆ ಇತಿಹಾಸವಿದೆ. 1950ರ ದಶಕದಿಂದ ಕೊಡ್ಯಾಕ್ ಕಂಪನಿ ಬಣ್ಣದ ಪ್ರಿಂಟ್ ಸರಿಯಿದೆಯೇ ಎಂದು ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಂಗಸಿನ ಮುಖ. ಶರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರು. ಆ ಮುಖ ಸರಿಬಂದರೆ ಎಲ್ಲ ಸರಿ ಎಂಬ ಲೆಕ್ಕ. ಕಪ್ಪು ಚರ್ಮದ ಸೂಕ್ಷ್ಮ ಬಹುಕಾಲ ಆ ಲೆಕ್ಕಕ್ಕೆ ಸೇರಲಿಲ್ಲ. ಇವತ್ತಿನ ಫೋನುಗಳ ಬ್ಯೂಟಿ ಮೋಡ್ ಮುಖವನ್ನು ತಾನಾಗಿಯೇ ಬಿಳುಪಾಗಿಸಿ ನುಣುಪಾಗಿಸುತ್ತದೆ.

ದಾರಿ ಸರಳವಾಗಿದೆ. ಬ್ಯೂಟಿ ಮೋಡ್ ಆರಿಸಿ. ಕ್ಯಾಮೆರಾ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯುವಂಥದ್ದು. ಕಪ್ಪು ಮುಖ ಚಿತ್ರ ತುಂಬಿದ್ದರೆ ಅದು ಬೆಳಕು ಹೆಚ್ಚಿಸುತ್ತದೆ. ಪರದೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಕೆಳಗೆ ಎಳೆಯಿರಿ. ಕಪ್ಪು ಚರ್ಮದ ಚೆಲುವು ಹೊಳಪಿನಲ್ಲಿದೆ. ಹಣೆಯ ಏರು, ಕೆನ್ನೆಯ ಮೂಳೆ, ಮೂಗಿನ ದಂಡೆ. ಬಾಗಿಲಿನ ಓರೆ ಬೆಳಕು ಅದನ್ನು ಎತ್ತಿ ತೋರಿಸುತ್ತದೆ. ಎಡಿಟಿಂಗ್‌ನಲ್ಲಿ ಇಡೀ ಮುಖವನ್ನು ಬೆಳಗಿಸಬೇಡಿ. ಕಣ್ಣಿನ ಸುತ್ತ ನೆರಳು ಹೆಚ್ಚಿದ್ದರೆ ಅಲ್ಲಿ ಮಾತ್ರ ಒಂದಿಷ್ಟು ತಿಳಿಯಾಗಿಸಿ.

ನುಣುಪು ಮಾಡುವುದಕ್ಕೂ ಇದೇ ಮಾತು. ಇವತ್ತು ಎದ್ದು ನಾಳೆ ಹೋಗುವ ಗುಳ್ಳೆಯನ್ನು ಅಳಿಸಿದರೆ ತಪ್ಪಿಲ್ಲ. ವೀಣೆ ನುಡಿಸುವವರ ಎಡಗೈ ಬೆರಳಿನ ಮೇಲೆ ತಂತಿ ಕೊರೆದ ಗೆರೆ ಇರುತ್ತದೆ. ಚರ್ಮವಾದ್ಯದವರ ಅಂಗೈ ಜಡ್ಡುಗಟ್ಟಿರುತ್ತದೆ. ಹಾಡುವವರ ಕತ್ತಿನ ನರ ಉಬ್ಬಿರುತ್ತದೆ. ಇವೆಲ್ಲ ವರ್ಷಗಟ್ಟಲೆ ಸಾಧನೆಯಿಂದ ಬಂದ ಗುರುತುಗಳು. ಒಂದು ಬೆರಳಿನಿಂದ ಉಜ್ಜಿ ಅವನ್ನು ಕಳೆಯುವ ಹಕ್ಕು ಎಡಿಟಿಂಗ್ ಮಾಡುವವರಿಗೆ ಇಲ್ಲ.

ಬೆಳಕು ಒಂದೇ ಕಡೆಯಿಂದ, ತಿದ್ದುವುದು ಕೊಂಚವೇ. ಇಷ್ಟು ಮನಸ್ಸಿನಲ್ಲಿದ್ದರೆ ಉಳಿದದ್ದು ಫೋಟೊ ಉಳಿಸುವ ಕೆಲಸ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಎ4 ಅಳತೆಯಲ್ಲಿ ಸ್ವಚ್ಛವಾಗಿ ಅಚ್ಚಾಗಲು ಸುಮಾರು 90 ಲಕ್ಷ ಚುಕ್ಕೆಗಳು, ಅಂದರೆ 9 ಮೆಗಾಪಿಕ್ಸೆಲ್ ಬೇಕು. ಈಗಿನ ಸಾಧಾರಣ ಫೋನಿನಲ್ಲೂ ಅಷ್ಟು ಇರುತ್ತದೆ. ತಿದ್ದದ ಮೂಲವನ್ನು ಬೇರೆಯಾಗಿ ಇಟ್ಟುಕೊಳ್ಳಿ. ಎರಡು ಪ್ರಿಂಟ್ ಹಾಕಿಸಿ. ಎರಡರ ಹಿಂದೆಯೂ ಕಲಾವಿದರ ಹೆಸರು, ಊರು, ವಾದ್ಯ ಅಥವಾ ಹಾಡಿನ ಪ್ರಕಾರ, ತೆಗೆದ ವರ್ಷ ಬರೆಯಿರಿ. ಮೆದು ಪೆನ್ಸಿಲ್ ಆಗಬೇಕು, ಪೆನ್ನಿನ ಮಸಿ ಮುಂದಕ್ಕೆ ಹಾಯುತ್ತದೆ. ಒಂದು ಪ್ರಿಂಟ್ ನಿಮ್ಮಲ್ಲಿರಲಿ. ಇನ್ನೊಂದನ್ನು ಅವರ ಮನೆಗೇ ಹೋಗಿ ಕೊಟ್ಟು ಬನ್ನಿ, ಮುಂದಿನ ಸಲ ಬಾಗಿಲ ಬಳಿ ಯಾವ ಹೊತ್ತಿಗೆ ಬೆಳಕು ಬರುತ್ತದೆ ಎಂದು ಅವರನ್ನೇ ಕೇಳಿ.